ಅಪ್ಪನ್ನ ಹಿಡ್ಕೊಡೋ ಕೆಲ್ಸ

ಇದನ್ನ ಯಾರ ಹತ್ರಾನೂ ಬಾಯ್ಬುಡಬಾರ್ದು ಅಂತ ಅವ್ವ ನನ್ನ ಕೈಲಿ ಪುಸ್ತಕದ ಮೇಲೆ ಆಣೆ ಮಾಡ್ಸವ್ಳೆ. ದೇವ್ರ ಮೇಲಾದ್ರೆ ಇವ್ಳು ತಪ್ಪಿದ್ರೂ ತಪ್ಯಾಳು, ಪುಸ್ತಕದ ಮೇಲಾದ್ರೆ ತಪ್ಪಲ್ಲ ಅಂತ ಅವ್ಳ ನಂಬ್ಕೆ. ನಾನೂ ಹೆಂಗೂ ಮಾತಾಡೋಳಲ್ಲ. ಮನೆಗೆ ನೆಂಟ್ರು ಬಂದ್ರೆ ಪುಸ್ತಕ ತಗೊಂಡು ಹಿತ್ಲಿಗೆ ಹೋಗೋಳು. ಆದ್ರೆ ನಮ್ಮನೇಲಿ ಇಂಥವು ಒಂದಾದ್ಮೇಲೆ ಒಂದು ನಡೀತಾನೇ ಇರ್ತಾವೆ. ಎಷ್ಟೂಂತ ಒಳ್ಗೇ ಇಟ್ಕೊಳ್ಳಲಿ? ಇವತ್ತು ಹೇಳೇ ಬುಡ್ತೀನಿ.

ಅಪ್ಪ ಅವ್ವ ಬ್ಯಾರೆ ಆಗಿ ಮೂರು ವರ್ಷ ಆಯ್ತು. ನಾನೂ ಅವ್ವನೂ ಶ್ರೀರಂಗಪಟ್ಟಣದಲ್ಲಿ, ಕೋಟೆ ಒಳ್ಗೆ, ಒಂದು ಬಾಡ್ಗೆ ಮನೇಲಿದ್ದೀವಿ. ಅವ್ವ ರವಿಕೆ ಹೊಲೀತಾಳೆ. ಅಪ್ಪ ತಿಂಗ್ಳು ತಿಂಗ್ಳೂ ನಮಗೆ ಜೀವನಾಂಶ ಕೊಡ್ಬೇಕು ಅಂತ ಕೋರ್ಟಲ್ಲಿ ಆಯ್ತು. ಎರಡು ತಿಂಗ್ಳು ಕೊಟ್ಟ. ಆಮೇಲೆ ಕೊಡೋದೂ ಬುಟ್ಟ, ಕಾಣಿಸ್ಕೊಳ್ಳೋದೂ ಬುಟ್ಟ. ನಾನು ಅರ್ಧ ಫೀಜು ಕಟ್ಟಿ ಪಿಯುಸಿಗೆ ಸೇರ್ಕೊಂಡಿದ್ದೆ. ಇನ್ನರ್ಧ ಕಟ್ದೆ ಇದ್ರೆ ಪರೀಕ್ಷೆಗೆ ಕೂರ್ಸಲ್ಲ ಅಂದಿದ್ರು. ‘ನಿಮ್ಮಪ್ಪನ್ ದುಡ್ಡು ಬಂದ್ರೆ ಕಾಲೇಜು, ಬರ್ದಿದ್ರೆ ಮಿಷಿನ್ನು’ ಅಂದಿದ್ಲು ಅವ್ವ. ಮಿಷಿನ್ನು ಅಂದ್ರೆ ಅವ್ಳ ಪಕ್ಕದಲ್ಲಿ ನನಗೂ ಒಂದು ಹೊಲಿಗೆ ಮಿಷಿನ್ನು.

ಅಪ್ಪಂದು ಆಲೆಮನೇಲಿ ಬೆಲ್ಲದ ಪಾಕ ನೋಡೋ ಕೆಲ್ಸ. ಕೈಯಲ್ಲಿ ಹದ ಐತೆ ಅಂತ ಸುತ್ತ ತಾಲೂಕಲ್ಲೆಲ್ಲಾ ಕರೀತಾರೆ. ಈ ವಾರ ಒಂದೂರು, ಮುಂದಿನ ವಾರ ಇನ್ನೊಂದೂರು. ಅವ್ನು ಹೋದ್ ಕಡೆಗೆಲ್ಲಾ, ಬಾಕಿಗೆ ಹಿಡ್ಕೊಂಡ್ಬನ್ನಿ ಅಂತ ಕೋರ್ಟು ಕೊಟ್ಟಿದ್ದ ಕಾಗ್ದಾನೂ ಸ್ಕೂಲ್ ಮೇಷ್ಟ್ರ ಥರ ವರ್ಗ ಆಗ್ತಿತ್ತು. ಆಯಾ ಕೋರ್ಟಿನ ಅಮೀನ್ರು ಅದನ್ನ ತಗೊಂಡು ಅಪ್ಪನ್ನ ಹುಡುಕ್ಬೇಕು. ಅವ್ರಿಗೆ ಅಪ್ಪನ್ ಮುಖ ಗೊತ್ತಿಲ್ಲ, ಯಾರಾದ್ರೂ ಜೊತೇಲಿ ಹೋಗಿ ‘ಇವ್ರೇ’ ಅಂತ ತೋರಿಸ್ಬೇಕು. ಅವ್ವ ಹೋದ್ರೆ ತೋರ್ಸೋಕ್ ಮುಂಚೆ ಹೊಡೀತಾಳೆ, ಬ್ಯಾಡ ಅಂದ್ರು ಲಾಯರು. ಉಳಿದೋಳು ನಾನೊಬ್ಳೇ.

ಸತ್ತೋನು ಎಲ್ಲೋದ?

ಮೊದ್ಲು ಹೋಗಿದ್ದು ಪಾಂಡವಪುರದ ಹತ್ರ, ಅಪ್ಪನ ಸ್ವಂತ ಊರಿಗೆ. ಅಲ್ಲಿ ಅಪ್ಪನ ಅವ್ವ, ಅಂದ್ರೆ ನಮ್ಮಜ್ಜಿ ಅವ್ಳೆ. ನನಗೆ ನಾಚ್ಕೆ ಆಗಿ ಅಮೀನ್ರ ಬೆನ್ನಿಂದೆ, ಅವ್ರ ಕೊಡೆ ಮರೇಲಿ ನಿಂತ್ಕೊಂಡಿದ್ದೆ.

ಅಮೀನ್ರು ಹೆಸ್ರು ಓದಿ ‘ಇದಾರಾ?’ ಅಂದ್ರು.

ಅಜ್ಜಿ ಒಂದ್ ಗಳಿಗೆ ಅವ್ರನ್ನೇ ನೋಡ್ತು. ಆಮೇಲೆ ಸೆರಗು ಬಾಯಿಗಿಟ್ಕೊಂಡು, ‘ಎಲ್ಲವ್ನೆ ಸಾಮಿ, ಓದ್ನಲ್ಲಾ ಓದ್ ತಿಂಗ್ಳೇ. ಎದೆ ಇಡ್ಕೊಂಡು ಕುಂತೋನು ಮ್ಯಾಕ್ಕೇಳ್ನಿಲ್ಲ’ ಅಂತ ಅತ್ತೇ ಬುಡ್ತು.

ಅಪ್ಪ ಸತ್ತೋದ್ನಾ? ನಮಗೆ ಒಂದ್ ಮಾತೂ ಹೇಳ್ದೇನೇ? ಕೊಡೆ ಮರೆಯಿಂದ ಈಚೆ ಬಂದು ‘ಅಜ್ಜೀ’ ಅಂದೆ.

ಅಜ್ಜಿ ಅಳು ಅಲ್ಲೇ ನಿಂತೋಯ್ತು. ‘ಅಯ್ಯೋ ನನ್ ಕಂದಾ! ಏನ್ ಇಂಗ್ ಸೊರಗೋಗಿದ್ದೀಯೇ!’ ಅಂತ ತಬ್ಕೊಂಡು, ಹಿತ್ಲ ಕಡೆ ತಿರುಗ್ಕೊಂಡು ಕೂಗ್ತು: ‘ಲೇ, ನಿನ್ ಮಗಳು ಬಂದವ್ಳೆ ಕಣ್ಲಾ! ಆ ಕೆಂಪು ಕೋಳಿ ಇಡಿಯೋ!’

ಹಿತ್ಲಲ್ಲಿ ಕೋಳಿ ಕೊಕ್ಕೊಕ್ಕೋ ಅಂತು. ಯಾರೋ ಓಡೋ ಸದ್ದೂ ಕೇಳ್ತು.

ಅಮೀನ್ರು ಪೆನ್ನು ತೆಗ್ದು ಬಲೇ ಮರ್ಯಾದೆಯಿಂದ ಕೇಳಿದ್ರು. ‘ಅಜ್ಜಿ, ತೀರ್ಕೊಂಡವ್ರೆ ಅಂತ ಬರ್ಕೊಳ್ಳಲಾ, ಕೋಳಿ ಹಿಡಿಯಕ್ಕೆ ಹೋಗವ್ರೆ ಅಂತ ಬರ್ಕೊಳ್ಳಲಾ?’

ಅರ್ಧ ಗಂಟೆ ಕಾದ್ವಿ. ಕೋಳಿ ವಾಪಸ್ ಬಂತು. ಅಪ್ಪ ಬರ್ಲಿಲ್ಲ.

ಪಾಕ ಇಳ್ಸೋವರ್ಗೂ ಕೋರ್ಟಿಲ್ಲ

ಆಮೇಲೆ ಕೆ.ಆರ್. ಪೇಟೆ ತಾಲೂಕು, ಕಿಕ್ಕೇರಿ ಹತ್ರ ಒಂದು ಆಲೆಮನೆ. ಅಲ್ಲಿಯ ಅಮೀನ್ರು ದಪ್ಪ ಮೀಸೆಯೋರು, ನೋಡಿದ್ರೇ ಹೆದ್ರಿಕೆ. ಬಸ್ಸಲ್ಲೇ ‘ಪುಟ್ಟಿ, ನನ್ ಕೈಲಿ ಇವತ್ತಿನವರ್ಗೂ ಒಬ್ನೂ ತಪ್ಪಿಸ್ಕೊಂಡಿಲ್ಲ’ ಅಂದಿದ್ರು.

ಅಪ್ಪ ದೊಡ್ಡ ಕೊಪ್ಪರಿಗೆ ಮುಂದೆ ಬನೀನು, ಚಡ್ಡೀಲಿ ನಿಂತ್ಕೊಂಡು ಕುದಿಯೋ ಪಾಕ ತಿರುವ್ತಾ ಇದ್ದ. ಓಡೋ ಹಂಗೂ ಇಲ್ಲ, ಕೈ ಬುಟ್ರೆ ಪಾಕ ತಳ ಹಿಡೀತದೆ. ನಾನು ತಲೆ ಬಗ್ಗಿಸ್ಕೊಂಡೇ ಬೆರಳು ತೋರ್ಸಿದೆ. ಅಮೀನ್ರು ಹೋಗಿ ಭುಜದ ಮೇಲೆ ಕೈ ಇಟ್ರು.

ಆಲೆಮನೆ ಸಾವ್ಕಾರ್ರು ಓಡ್ಬಂದ್ರು. ‘ಏಯ್ ಸಾಮಿ, ಕೈ ತೆಗೀರಿ! ಪಾಕ ಕೆಟ್ರೆ ನಿಮ್ ಜಡ್ಜು ಕಟ್ಕೊಡ್ತಾರಾ? ಇಳಿಸ್ಲಿ, ಅಚ್ಚಿಗೆ ಉಯ್ಲಿ, ಆಮ್ಯಾಕೆ ಎಲ್ಲಿಗಾರಾ ಕರ್ಕೊಂಡೋಗಿ.’

ಅಮೀನ್ರು ಸರಿ ಅಂತ ಕುಂತ್ರು. ಅವ್ರ ಕೈಗೆ ಬಿಸಿ ಬೆಲ್ಲ, ಮೇಲೆ ಕೊಬ್ರಿ. ನನಗೂ ಒಂದು. ಅಪ್ಪ ಪಾಕ ತಿರುವ್ತಾ ತಿರುವ್ತಾ ಹದದ ವಿಷ್ಯ ಹೇಳೋಕೆ ಶುರು ಮಾಡ್ದ. ನೀರಿಗೆ ಒಂದ್ ತೊಟ್ಟು ಬುಟ್ರೆ ಉಂಡೆ ಕಟ್ಬೇಕು, ಉಂಡೆ ಎಸೆದ್ರೆ ಟಣ್ ಅನ್ಬೇಕು, ಅದಕ್ಕೊಂದು ಕೈ ಬೇಕು ಸಾಮಿ, ಎಲ್ರಿಗೂ ಬರಲ್ಲ ಅಂತ. ಅಮೀನ್ರಿಗೆ ರೋಷ ಬಂತು. ‘ಅದೇನ್ ಬ್ರಹ್ಮವಿದ್ಯೆ ಏನಯ್ಯಾ? ಕೊಡಿಲ್ಲಿ’ ಅಂತ ಎದ್ರು.

ಅಪ್ಪ ಸೌಟು ಕೈಗೆ ಕೊಟ್ಟ. ‘ನಿಲ್ಲಿಸ್ಬ್ಯಾಡಿ ಸಾಮಿ, ತಳ ಇಡೀತದೆ. ಆಂ, ಅಂಗೇ... ನಿಮ್ ಕೈ ಚಂದಾಗೈತೆ’ ಅಂದ. ಅಮೀನ್ರು ಮೀಸೆ ಮೇಲೆಲ್ಲಾ ಬೆವ್ರು ಸುರೀತಾ ತಿರುವಿದ್ರು, ತಿರುವಿದ್ರು. ತಲೆ ಎತ್ತಿ ನೋಡೋ ಹೊತ್ತಿಗೆ ಅಪ್ಪ ಕಬ್ಬಿನ ಗದ್ದೆ ಸೇರ್ಕೊಂಡಿದ್ದ.

‘ಏಯ್!’ ಅಂತ ಕೂಗಿ ಸೌಟು ಬುಡೋಕೆ ಹೋದ್ರು. ಸಾವ್ಕಾರ್ರು ಅವ್ರ ಎರಡೂ ಕೈ ಗಟ್ಯಾಗಿ ಹಿಡ್ಕೊಂಡ್ರು. ‘ಎಲ್ಲಿಗ್ ಸಾಮಿ ಓಯ್ತೀರಾ? ಪಾಕ ಯಾರ್ ಇಳುಸ್ತಾರೆ?’

ಬೆಳ್ಳೂರು ಕ್ರಾಸಿನ ದೋಸೆ

ಮೂರನೇ ಸಲ ಅಪ್ಪ ನಾಗಮಂಗಲ ಕಡೆ ಅವ್ನೆ ಅಂತ ಗೊತ್ತಾಯ್ತು. ಅಲ್ಲಿಯ ಅಮೀನ್ರು ವಯಸ್ಸಾದೋರು, ಸಣ್ಣಗೆ, ಬಾಯೇ ಬುಡಲ್ಲ. ನಮಗಿಬ್ರಿಗೂ ಸರ್ಯಾಗಿತ್ತು. ಬೆಳ್ಳೂರು ಕ್ರಾಸಿನ ಒಂದು ಹೋಟ್ಲಲ್ಲಿ ಕುಂತು ಬಸ್ಸಿಂದ ಇಳಿಯೋರ್ನ ನೋಡ್ತಾ ಇರೋದು ಅಂತ ಮಾಡಿದ್ವಿ. ಅವ್ರು ನೋಡ್ತಿದ್ರು. ನಾನು ಕಾದಂಬರಿ ಓದ್ತಿದ್ದೆ. ಚೆನ್ನಾಗಿತ್ತು, ತಪ್ಪು ನಂದೇ.

‘ಮಗಾ! ನೀನಿಲ್ಲಿ?’

ತಲೆ ಎತ್ತಿದ್ರೆ ಅಪ್ಪ. ನಮ್ಮ ಟೇಬಲ್ಗೇ ಬಂದು ಕುಂತ. ‘ಏನ್ ತಿಂದೆ? ಬರೀ ಕಾಪಿನಾ? ಏಯ್, ಮೂರು ಮಸಾಲೆ ದೋಸೆ ಕೊಡಪ್ಪಾ!’ ಮೂರನೇದು ಅಮೀನ್ರಿಗೆ. ಪಕ್ಕದಲ್ಲಿ ಕುಂತ ಯಜಮಾನ್ರನ್ನ ಬುಟ್ಟು ತಿನ್ನೋದು ಸರಿಯಲ್ಲ ಅಂತ.

ಅಮೀನ್ರು ನನ್ನ ಕಡೆ ನೋಡಿದ್ರು. ಇವ್ರೇನಾ ಅಂತ ಕಣ್ಣಲ್ಲೇ ಕೇಳಿದ್ರು. ನನ್ನ ಕೈಲಿ ಆಗ್ಲಿಲ್ಲ. ದೋಸೆ ಕೊಡಿಸ್ತಾ ಇರೋನ್ನ ಹೆಂಗ್ ತೋರ್ಸೋದು? ಪುಸ್ತಕ ಮುಖಕ್ಕೆ ಅಡ್ಡ ಹಿಡ್ಕೊಂಡ್ಬುಟ್ಟೆ. ಕಾಲೇಜು ಹೋಯ್ತು, ಮಿಷಿನ್ನೇ ಗತಿ ಅಂತ ಒಳ್ಗೊಳ್ಗೇ ಅಳು.

ಅಪ್ಪ ಅಮೀನ್ರಿಗೆ ಹೇಳ್ದ. ‘ನಾಚ್ಕೆ ಸಾಮಿ ಅವ್ಳಿಗೆ. ನನ್ ಮಗ್ಳೇ. ಎಸ್ಸೆಸ್ಸೆಲ್ಸೀಲಿ ಇಡೀ ಇಸ್ಕೂಲಿಗೇ ಪಸ್ಟು.’ ಅಷ್ಟಕ್ಕೇ ನಿಲ್ಲಿಸ್ಲಿಲ್ಲ. ತನ್ನ ಹೆಸ್ರು, ತನ್ನಪ್ಪನ ಹೆಸ್ರು, ಊರು, ಎಲ್ಲಾ ಸೇರ್ಸಿ ‘ಇಂಥೋನ ಮಗ್ಳು ಅಂದ್ರೆ ಸುಮ್ಕೆ ಅಲ್ಲ’ ಅಂದ.

ಅಮೀನ್ರು ನಿಧಾನಕ್ಕೆ ದೋಸೆ ಮುಗ್ಸಿದ್ರು. ಕೈ ತೊಳ್ಕೊಂಡ್ಬಂದ್ರು. ಜೇಬಿಂದ ಕಾಗ್ದ ತೆಗ್ದು, ಅಪ್ಪ ಹೇಳಿದ್ದನ್ನೆಲ್ಲಾ ಒಂದೊಂದೇ ಬೆರಳಿಟ್ಟು ನೋಡಿ, ‘ಎಲ್ಲಾ ಸರಿಯಾಗೈತೆ. ನಡೀರಿ’ ಅಂದ್ರು. ಆವತ್ತು ಅವ್ರಾಡಿದ್ದು ಅಷ್ಟೇ ಮಾತು.

ಅಪ್ಪ ನನ್ನನ್ನ ನೋಡ್ದ. ಬೈತಾನೆ ಅಂತ ಕಣ್ಣು ಮುಚ್ಕೊಂಡೆ. ‘ಚಟ್ನಿ ಬುಟ್ಟಿದ್ದೀಯಲ್ಲ ಮಗಾ, ತಿನ್ನು’ ಅಂದ.

ಊಟದ ಖರ್ಚು

ಕೋರ್ಟಲ್ಲಿ ಜಡ್ಜು ‘ಬಾಕಿ ಕಟ್ತೀರಾ, ಜೈಲಿಗೆ ಹೋಗ್ತೀರಾ?’ ಅಂದ್ರಂತೆ. ಅಪ್ಪ ಜೈಲೇ ಆಗ್ಲಿ ಸಾಮಿ ಅಂದ್ನಂತೆ. ಅವ್ವನಿಗೆ ಖುಷಿಯೋ ಖುಷಿ. ಅರ್ಧ ಕೇಜಿ ಮೈಸೂರ್ಪಾಕು ತಗೊಂಡು ನನ್ನೂ ಎಳ್ಕೊಂಡು ಲಾಯರ್ ಆಫೀಸಿಗೆ ಹೋದ್ಲು.

ಲಾಯರು ಒಂದು ಮೈಸೂರ್ಪಾಕು ಬಾಯಿಗಿಟ್ಕೊಂಡು, ‘ಎಲ್ಲಾ ಸರಿ ಕಣಮ್ಮ. ನೀವು ಅವ್ರ ಒಂದು ತಿಂಗ್ಳ ಊಟದ ಖರ್ಚು ಕಟ್ಬುಡಿ’ ಅಂದ್ರು.

‘ಯಾರ ಊಟ?’

‘ನಿಮ್ಮ ಯಜಮಾನ್ರದು. ಸಿವಿಲ್ ಕೇಸಲ್ಲಿ ಜೈಲಿಗೆ ಹಾಕ್ಸೋರೇ ಊಟಕ್ಕೆ ಕಟ್ಬೇಕು. ಕಟ್ದಿದ್ರೆ ಬುಟ್ಕಳಿಸ್ತಾರೆ.’

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಆಮೇಲೆ ಕೇಳಿದ್ಲು. ‘ಅವ್ನು ನಮ್ಮ ಊಟಕ್ಕೆ ಕೊಡ್ನಿಲ್ಲ ಅಂತ ತಾನೇ ಸಾ ನಾನು ಕೋರ್ಟಿಗೆ ಬಂದಿದ್ದು? ಈಗ ಅವ್ನೂಟಕ್ಕೆ ನಾನ್ ಕೊಡ್ಬೇಕಾ?’

‘ಕಾನೂನು ಹಂಗೈತೆ ಕಣಮ್ಮ.’

‘ಅಂಗಾರೆ ನನ್ನೇ ಆಕ್ಸಿ ಜೈಲಿಗೆ. ಅವ್ನು ಕಟ್ಲಿ ನನ್ ಊಟಕ್ಕೆ!’

ಕೊನೆಗೆ ಕಟ್ಟಿದ್ಲು. ನನ್ನ ಕಾಲೇಜಿಗೆ ಅಂತ ಡಬ್ಬೀಲಿ ಕೂಡಿಟ್ಟಿದ್ದ ದುಡ್ಡು. ವಾಪಸ್ ಬರೋವಾಗ ಮಿಕ್ಕಿದ್ದ ಮೈಸೂರ್ಪಾಕೂ ಎತ್ಕೊಂಡ್ಬಂದ್ಲು.

ಬಾಗ್ಲು

ಎರಡನೇ ತಿಂಗ್ಳಿಗೆ ಕಟ್ಟೋಕೆ ಡಬ್ಬೀಲಿ ಏನೂ ಇರ್ಲಿಲ್ಲ. ಅಪ್ಪನ್ನ ಬುಟ್ಟು ಕಳಿಸಿದ್ರು. ದುಡ್ಡೂ ಬರ್ಲಿಲ್ಲ, ಅಪ್ಪನೂ ಹೋದ, ಫೀಜಿಗೆ ಇನ್ನು ನಾಕೇ ದಿನ. ಅವ್ವ ಹಳೇ ಮಿಷಿನ್ನು ಒಂದು ನೋಡ್ಕೊಂಡೂ ಬಂದ್ಲು.

ಭಾನುವಾರ ಮಧ್ಯಾಹ್ನ ನಾವು ಊಟಕ್ಕೆ ಕುಂತಿದ್ವಿ. ಕಿಟ್ಕೀಲಿ ನೋಡಿದ ಅವ್ವ ತುತ್ತು ಅಲ್ಲೇ ಬುಟ್ಟು ಎದ್ದು, ಬಾಗ್ಲು ಹಾಕಿ ಅಗುಳಿ ಜಡಿದ್ಲು. ನಾನು ಇಣುಕಿದೆ. ಅಪ್ಪ! ತಲೆ ಮೇಲೆ ಸುತ್ತಿದ ಹಾಸ್ಗೆ, ಕೈಲಿ ಟ್ರಂಕು, ಕಂಕ್ಳಲ್ಲಿ ಆ ಕೆಂಪು ಕೋಳಿ.

‘ಲೇ ಇವ್ಳೇ, ತೆಗಿಯೇ. ಬಂದ್ಬುಟ್ಟಿವ್ನಿ’ ಅಂದ.

ಅವ್ವ ಉಸ್ರು ಬುಡ್ಲಿಲ್ಲ.

‘ನಂಗೆಲ್ಲಾ ಗೊತ್ತಾಯ್ತು ಕಣೇ. ಜೈಲಲ್ಲಿ ರೈಟ್ರು ಏಳಿದ್ರು, ನಿನ್ ಎಂಡ್ರು ನಿನ್ ಊಟಕ್ಕೆ ದುಡ್ ಕಟ್ಟವ್ಳೆ ಕಣಯ್ಯಾ ಅಂತ. ಅಲ್ಲಿ ಅಷ್ಟ್ ಜನ ಅವ್ರಲ್ಲ, ಒಬ್ಬನ್ ಎಂಡ್ರೂ ಒಂದ್ ಬಾಳೇಹಣ್ ತರ್ನಿಲ್ಲ! ನಾನ್ ಎಲ್ರಿಗೂ ಏಳ್ದೆ, ನಮ್ದು ಕೋರ್ಟಲ್ ಮಾತ್ರ ಜಗಳ ಕಣ್ರಪ್ಪಾ, ಒಳ್ಗೆ ಪ್ರೀತಿ ಐತೆ ಅಂತ.’

ಅವ್ವ ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡ್ಲು. ಅವ್ಳ ಕಣ್ಣು ಅಷ್ಟು ದೊಡ್ಡದಾಗಿದ್ದು ನಾನು ನೋಡೇ ಇರ್ಲಿಲ್ಲ. ಅವ್ನು ಒಳ್ಗೆ ಬಂದು ಒಂದಿನ ಉಳ್ಕೊಂಡ್ರೂ ಸಂಸಾರ ಒಂದಾಯ್ತು ಅಂತ ಕೇಸು ಬಿದ್ದೋಗ್ತದೆ, ಜೀವನಾಂಶಾನೂ ಇಲ್ಲ ಅಂತ ನನ್ನ ಕಿವೀಲಿ ಉಸುರಿದ್ಲು.

‘ನಂಬ್ಕೆ ಬರ್ನಿಲ್ವಾ? ಸಾವ್ಕಾರ್ರು ಮುಂಗಡ ಕೊಟ್ಟವ್ರೆ. ನೋಡಿಲ್ಲಿ’ ಅಂದ ಅಪ್ಪ. ಬಾಗ್ಲ ಕೆಳಗಿನ ಸಂದೀಲಿ ನೂರ್ರೂಪಾಯಿ ನೋಟು ಒಂದು ಒಳ್ಗೆ ಬಂತು.

ಅವ್ವ ನೋಟು ನೋಡಿದ್ಲು. ನನ್ನ ನೋಡಿದ್ಲು.

‘ಸಾಲ್ದಾ?’ ಇನ್ನೊಂದು ಬಂತು.

ಅವ್ವ ಸದ್ದಾಗ್ದಂಗೆ ಬಾಗ್ಲ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕುಂತ್ಲು. ಅಪ್ಪ ಬಡಿಯೋದು, ನಾವು ಸುಮ್ನಿರೋದು, ಒಂದು ನೋಟು ಬರೋದು. ಅಷ್ಟು ದಿನ ಮೂರು ತಾಲೂಕು ಸುತ್ತಿದ್ರೂ ಬರ್ದೇ ಇದ್ದ ದುಡ್ಡು, ನಾವು ಬಾಯಿ ಮುಚ್ಕೊಂಡ್ ಕುಂತಿದ್ದಕ್ಕೆ ಬರ್ತಾ ಇತ್ತು! ನನ್ನ ಫೀಜಿನಷ್ಟು ಆಯ್ತು. ಆಮೇಲೂ ಬಂತು.

‘ಮಗಾ, ನೀನಾದ್ರೂ ಮಾತಾಡು. ಓದ್ಕೋತಾ ಇದ್ದೀಯಾ?’

ನನಗೆ ತಡೀಲಿಲ್ಲ, ‘ಅಪ್ಪಾ’ ಅಂತ ಬಾಯಿ ತೆಗ್ದೆ. ಅವ್ವನ ಅನ್ನದ ಕೈ ನನ್ನ ಬಾಯ್ಮೇಲೆ ಬಂತು.

‘ಇದು ಕೊನೇದು ಕಣೇ. ಬಸ್ಸಿಗೆ ಇಟ್ಕೊಂಡಿದ್ದು’ ಅಂದ ಅಪ್ಪ. ಹತ್ರೂಪಾಯಿ ನೋಟು ಅರ್ಧ ಒಳ್ಗೆ ಬಂತು, ಅಲ್ಲೇ ನಿಂತ್ಕೊಂತು. ಅವ್ವ ಅಷ್ಟೊತ್ತಿಂದ ಎತ್ಕೊಂಡು ಎತ್ಕೊಂಡು ಅಭ್ಯಾಸ ಆಗೋಗಿತ್ತು, ಇದನ್ನೂ ಎಳೆದ್ಲು. ಬರ್ಲಿಲ್ಲ. ಇನ್ನೊಂದ್ಸಲ ಎಳೆದ್ಲು. ಆ ಕಡೆಯಿಂದ ಅಪ್ಪ ಹಿಡ್ಕೊಂಡಿದ್ದ.

‘ಏಯ್! ಒಳ್ಗೆ ಬ್ಯಾರೆ ಯಾರೋ ಅವ್ರೆ! ನನ್ ಎಂಡ್ರು ಬಸ್ಸಿನ್ ದುಡ್ಡು ಕಿತ್ಕೊಳ್ಳೋಳಲ್ಲ!’

ಅವ್ವ ಬೆಚ್ಚಿಬಿದ್ದು ಕೈ ಬುಟ್ಲು. ನೋಟು ಸರ್ರಂತ ಆಚೆ ಹೋಯ್ತು. ಅಪ್ಪ ಬಾಗ್ಲು ದಬದಬ ಬಡಿದ. ಕೋಳಿ ಕೂಗ್ತು. ‘ಯಾರವ್ರೆ ಒಳ್ಗೆ? ಯಾರು? ಯಾರು ಅಂತೀನಿ!’

ನಾವಿಬ್ರೂ ನೋಟುಗಳ ಮೇಲೆ ಕುಂತ್ಕೊಂಡು ಒಬ್ರನ್ನೊಬ್ರು ನೋಡ್ತಾ ಇದ್ವಿ.