ನೀಲವ್ವನ ನೆರಳಿನೊಳಗೆ ಜಾಗ ಹಿಡಿದವರು

ನನಗೆ ಸಿಟ್ಟೇ ಬರುವುದಿಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಂಥವರು ಒಂದೋ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಯಾವ ಕಮಿಟಿಯ ಜೊತೆಗೂ ಕೆಲಸ ಮಾಡಿರಲಿಕ್ಕಿಲ್ಲ. ನನ್ನದು ಮೂಗಿನ ತುದಿಯ ಸಿಟ್ಟು. "ಹಾಲು ಉಕ್ಕಾಕರ ಒಂದೀಟು ವ್ಯಾಳ್ಯಾ ಬೇಕು, ನಿಮಗ ಅದೂ ಬ್ಯಾಡ" ಎನ್ನುತ್ತಾಳೆ ನನ್ನ ಹೆಂಡತಿ. ಆದರೆ ಈ ಸಿಟ್ಟಿಗೆ ಒಂದು ದೊಡ್ಡ ಐಬಿದೆ. ಅದು ಬರುವುದು ಮನೆಗೆ ಬಂದ ಮೇಲೆ. ಸಿಟ್ಟು ಬರಿಸಿದ ಮನುಷ್ಯ ಎದುರಿಗಿದ್ದಾಗ "ಆಗ್ಲಿ ಬಿಡ್ರಿ, ಮಾಡೂಣು" ಎಂದು ಹಲ್ಲು ಕಿರಿದು ಬರುತ್ತೇನೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಎಗರಾಡಲು ಶುರು ಮಾಡುತ್ತೇನೆ. ಈಗಲೂ ಎಗರಾಡುತ್ತಲೇ ಇದ್ದೇನೆ. ಓದುಗರು ಸ್ವಲ್ಪ ದೂರ ಕೂತು ಕೇಳಿಸಿಕೊಳ್ಳಬೇಕು.

ನಾನು ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರ. ದಿನವೂ ಹಾನಗಲ್ಲಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಪಾಠ ಹೇಳಿಕೊಂಡು ಸುಮ್ಮನಿರುವುದು ಬಿಟ್ಟು ಶಾಲೆಯ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಕಲಿತೆ, ಅದೇ ತಪ್ಪಾಯಿತು. ಒಂದು ಗ್ರೂಪ್ ಫೋಟೋದಲ್ಲಿ ನಮ್ಮ ಹೆಡ್‌ಮಾಸ್ತರರ ತಲೆಯಿಂದಲೇ ಧ್ವಜದ ಕಂಬ ಮೊಳೆತಂತೆ ಕಾಣುತ್ತಿತ್ತು. ಅದನ್ನು ಅಳಿಸಿಕೊಟ್ಟೆ. ಅಂದಿನಿಂದ ಊರಿಗೆಲ್ಲ ನಾನೇ ಫೋಟೋದ ವೈದ್ಯ. ಒಬ್ಬಾತನಂತೂ ಅಜ್ಜನ ಫೋಟೋ ತಂದು, "ಸರ, ನಮ್ಮ ಮುತ್ಯಾನ ಕಣ್ಣು ಮುಚ್ಚ್ಯಾವು, ಒಂಚೂರು ತಗಸ್ರಿ" ಎಂದ. ಅಜ್ಜ ತೀರಿಕೊಂಡ ಮೇಲೆ ತೆಗೆದ ಫೋಟೋ ಅದು! ದೊಡ್ಡಾಸ್ಪತ್ರೆಯ ಡಾಕ್ಟರಿಂದ ಆಗದ್ದು ನನ್ನಿಂದ ಆಗಬೇಕಂತೆ. ಆಗಲೂ ನಾನು "ಆಗ್ಲಿ ಬಿಡ್ರಿ" ಎಂದೇ ಹೇಳಿದೆ. ಬೇರೆ ಯಾರದೋ ಕಣ್ಣು ತಂದು ಕೂಡಿಸಿದೆ. ಆ ಅಜ್ಜ ಈಗ ಗೋಡೆಯ ಮೇಲಿಂದ ಸಿನಿಮಾ ಹೀರೋನಂತೆ ನೋಡುತ್ತಾನೆ.

ಇರಲಿ, ನೀಲವ್ವನ ವಿಷಯಕ್ಕೆ ಬರುತ್ತೇನೆ. ನೀಲವ್ವ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಹದಿನೆಂಟು ವರ್ಷ ಒಲೆಯ ಮುಂದೆ ನಿಂತವರು. ಅರವತ್ತು ತುಂಬಿತು, ಇನ್ನು ಸಾಕು, ಮನೆಗೆ ಹೋಗಿ ಎಂದು ಕಾಗದ ಬಂತು. ಬೀಳ್ಕೊಡುವುದು ಅಂದಮೇಲೆ ಒಂದು ಫ್ಲೆಕ್ಸ್ ಬೇಕು. ಫ್ಲೆಕ್ಸ್ ಅಂದಮೇಲೆ ಅವರ ಒಂದು ಫೋಟೋ ಬೇಕು. ಹುಡುಕಲು ಕೂತೆ. ಆಗಸ್ಟ್ ಹದಿನೈದು, ಶಾರದಾ ಪೂಜೆ, ಪ್ರವಾಸ, ಕ್ರೀಡಾಕೂಟ, ಎಲ್ಲ ಆಲ್ಬಮ್ ತೆಗೆದೆ. ಬಿಸಿಯೂಟದ್ದಂತೂ ದಿನವೂ ಫೋಟೋ ತೆಗೆದು ಮೇಲಿನವರಿಗೆ ಕಳಿಸಬೇಕು, ಅಂಥವೇ ಸಾವಿರಾರಿದ್ದವು. ಅನ್ನ ಇದೆ, ಸಾರಿದೆ, ಮೊಟ್ಟೆ ಇದೆ, ತಟ್ಟೆ ಇದೆ. ನೀಲವ್ವ ಇಲ್ಲ. ಎಲ್ಲೋ ಒಂದರಲ್ಲಿ ಸೌಟು ಹಿಡಿದ ಕೈ, ಇನ್ನೊಂದರಲ್ಲಿ ಸೀರೆಯ ಅಂಚು. ನನಗೆ ಮೈ ಉರಿದುಹೋಯಿತು. ತಪಾಸಣೆಗೆಂದು ಮೂರು ದಿನ ಇದ್ದುಹೋದ ಸಾಹೇಬರ ಫೋಟೋ ಮೂವತ್ತಿವೆ, ಈ ಹೆಣ್ಣುಮಗಳದು ಒಂದಿಲ್ಲವೆಂದರೆ ಎಂಥ ಜನ ನಾವು!

ಕೊನೆಗೊಂದು ಸಿಕ್ಕಿತು. ಅಡುಗೆಮನೆಯ ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟು ಹಿಡಿದು ನಿಂತದ್ದು. ಆದರೆ ಹಿಂದಿನಿಂದ ಬಿಸಿಲು ಹೊಡೆದು ಮುಖ, ಮೂಗು ಯಾವುದೂ ಕಾಣದೆ ಬರೀ ಕಪ್ಪು ಆಕಾರ ಬಿದ್ದಿತ್ತು. ಆಗ ನನಗೆ ಹೊಳೆಯಿತು. ಆ ಆಕಾರವನ್ನಷ್ಟೇ ಕತ್ತರಿಸಿಕೊಳ್ಳುವುದು, ಅದರೊಳಗೆ ಆಕೆಯ ಕೈಯಲ್ಲಿ ಉಂಡ ಮಕ್ಕಳ ಫೋಟೋಗಳನ್ನು ತುಂಬುವುದು. ಇದು ಪಡ್ಡಿನ ಹಂಚಿಗೆ ಹಿಟ್ಟು ಹೊಯ್ದಂತೆ. ಗೆರೆಯ ಒಳಗೆ ಬಿದ್ದದ್ದು ಕಾಣುತ್ತದೆ, ಹೊರಗಿನದು ಕಾಣುವುದಿಲ್ಲ. ದೂರದಿಂದ ನೋಡಿದರೆ ನೀಲವ್ವ, ಹತ್ತಿರ ಬಂದರೆ ನೂರು ಮಕ್ಕಳು. ಈ ವಿಚಾರ ಬಂದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ತಟ್ಟುವವರು ಬೇರೆ ಯಾರೂ ಇರಲಿಲ್ಲ.

ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿದೆ. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವವನು, ಹಿರೇಕೆರೂರಿನಲ್ಲಿ ನರ್ಸ್ ಆದವಳು, ಶಿಗ್ಗಾವಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಎಲ್ಲರೂ ಅಂದೇ ಫೋಟೋ ಕಳಿಸಿದರು. ಹನ್ನೆರಡು ದಿನ ಕಂಪ್ಯೂಟರಿನ ಮುಂದೆ ಕೂತೆ. ನೀಲವ್ವನೇ ಬಂದು ಪಕ್ಕದಲ್ಲಿ ಚಹಾ ಇಡುತ್ತಿದ್ದರು. ಅವರಿಗೆ ಗೊತ್ತಾಗಬಾರದೆಂದು ನಾನು ಥಟ್ಟನೆ ಪರದೆ ಬದಲಿಸುತ್ತಿದ್ದೆ. "ಭಾಳ ತ್ರಾಸಿನ ಕೆಲಸ ಕಾಣ್ತೈತ್ರಿ ಸರ" ಎನ್ನುವರು. "ಹೌದ್ರಿ ನೀಲವ್ವ, ಮ್ಯಾಲಿನವರಿಗೆ ಕಳಸೂದೈತಿ" ಎನ್ನುವೆ. ಐದನೆಯ ದಿನಕ್ಕೆ ಚಿತ್ರ ಮುಗಿದಿತ್ತು. ಸುಳ್ಳು ಹೇಳುವುದಿಲ್ಲ, ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಉಳಿದ ಏಳು ದಿನ ಅದನ್ನು ಹಾಳು ಮಾಡಿದ್ದು. ಶಾಲಾ ಸಮಿತಿಯ ಅಧ್ಯಕ್ಷ ಬಸಣ್ಣನವರು ಬಂದು, ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಛಲೋ ಆಗೇತಿ ಸರ. ನಮ್ಮ ಫೋಟೋ ಎಲ್ಲೈತ್ರಿ?"

"ಇದು ಹುಡುಗರದ್ದಷ್ಟರೀ."

"ಅಲ್ರೀ, ಫ್ಲೆಕ್ಸ್ ಅಂದಮ್ಯಾಲೆ ಕಮಿಟಿ ಫೋಟೋ ಇರೂದಿಲ್ಲೇನ್ರಿ? ಮಂದಿ ಏನಂತಾರ?"

ನಮ್ಮ ಕಡೆ ಹುಟ್ಟುಹಬ್ಬದಿಂದ ಹಿಡಿದು ತಿಥಿಯ ತನಕ ಯಾವ ಫ್ಲೆಕ್ಸಿನಲ್ಲೂ ಕಾರಣಪುರುಷನಿಗಿಂತ ಶುಭ ಕೋರುವವರೇ ಹೆಚ್ಚು. ಕೆಳಗೊಂದು ಸಾಲು ಮಾಡಿ ಎಲ್ಲರನ್ನೂ ಕೂಡಿಸುತ್ತೇನೆ ಎಂದೆ. ಕೆಳಗೆ ಯಾರಿಗೂ ಬೇಡ, ಎಲ್ಲರಿಗೂ ಒಳಗೇ ಬೇಕು! ಅಧ್ಯಕ್ಷರೆಂದಮೇಲೆ ತಲೆಯ ಭಾಗ. ಆರು ಮಕ್ಕಳನ್ನು ಎಬ್ಬಿಸಿ ಅವರನ್ನು ಕೂಡಿಸಿದೆ. ಅವರ ಮೀಸೆ ಅದರೊಳಗೆ ಹಿಡಿಯಲಿಲ್ಲ, ನೀಲವ್ವನ ತಲೆಯನ್ನೇ ಹಿಗ್ಗಿಸಿದೆ. ಉಪಾಧ್ಯಕ್ಷರನ್ನು ಬೆನ್ನಿನಲ್ಲಿ ಕೂಡಿಸಿದರೆ, "ಬೆನ್ನಾಗ ಹಾಕೀರಲ್ರಿ, ನಾ ಏನ್ ಕೂಲಿಯವನ ಮೂಟಿ ಏನ್ರಿ?" ಎಂದು ಮುನಿದರು. ಸ್ಟೀಲ್ ತಟ್ಟೆ ದಾನ ಕೊಟ್ಟ ಸಾಹುಕಾರರಿಗೆ ಹೊಟ್ಟೆಯ ಜಾಗ ಒಪ್ಪಿಗೆಯಾಯಿತು, ಆದರೆ ಅವರ ತಮ್ಮನೂ ಬೇಕಂತೆ. ಹೊಟ್ಟೆ ದಪ್ಪ ಮಾಡಿದೆ.

ಹೆಡ್‌ಮಾಸ್ತರರ ಪಾಲಿಗೆ ಕಾಲಿನ ಹತ್ತಿರದ ಜಾಗವಷ್ಟೇ ಉಳಿದಿತ್ತು. ಅವರು ಚಿತ್ರ ನೋಡಿ ಕೆಂಪಾದರು. "ಏನ್ರಿ ಇದು? ಅಡಿಗಿಯಾಕಿ ಕಾಲಾಗ ನಾನೇನ್ರಿ?" ಆ ಕೈಯಿಂದ ದಿನವೂ ಎರಡು ಸಲ ಸಾರು ಹಾಕಿಸಿಕೊಂಡು ಉಣ್ಣುವಾಗ ಇಲ್ಲದ ದೊಡ್ಡಸ್ತಿಕೆ ಈಗ ಎಲ್ಲಿಂದ ಬಂತು ಎಂದು ಕೇಳಬೇಕಿತ್ತು. ಕೇಳಲು ಬಾಯಿಯನ್ನೂ ತೆರೆದೆ. ಹೊರಗೆ ಬಂದದ್ದು, "ಹಂಗಾರ ಕಾಲು ತಗದ್ಬಿಡ್ತೇನ್ರಿ ಸರ." ತೆಗೆದೆ. ನೀಲವ್ವ ಸೊಂಟದ ತನಕ ಉಳಿದರು, ಹೆಡ್‌ಮಾಸ್ತರರು ಸೊಂಟಕ್ಕೆ ಏರಿದರು. ಸೌಟು ಫಂಕ್ಷನ್ನಿಗೆ ಶೋಭೆಯಲ್ಲ ಎಂದು ಯಾರೋ ಅಂದರು, ಅದೂ ಹೋಯಿತು. ಮೊಣಕೈಯ ಸಂದಿಯಲ್ಲಿ ಇಬ್ಬರು ಮಕ್ಕಳು ಉಳಿದುಕೊಂಡರು, ಅವರೂ ಯಾರ ಕಣ್ಣಿಗೂ ಬೀಳದ್ದರಿಂದ. ಮನೆಯಲ್ಲಿ ನಾನು ಪ್ರತಿದಿನ ಅವರೆಲ್ಲರ ಜನ್ಮ ಜಾಲಾಡಿದೆ. "ಅದನ್ನ ಅವ್ರ ಮುಂದ ಹೇಳ್ರಿ, ನನ್ನ ಮುಂದ್ಯಾಕ ಒದರ್ತೀರಿ?" ಎಂದು ಹೆಂಡತಿ ಎದ್ದುಹೋದಳು.

ಹಾನಗಲ್ಲಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ರಫೀಕಭಾಯಿ ಪ್ರಿಂಟ್ ತೆಗೆದು, ಹರವಿ, ಬಹಳ ಹೊತ್ತು ನೋಡಿದರು. "ಸರ, ಬೇಜಾರಾಗಬ್ಯಾಡ್ರಿ, ಇದು ಯಾವ ಜಿಲ್ಲಾದ ನಕಾಶೆರೀ?" ಎಂದು ಕೇಳಿದರು. ದುಡ್ಡು ಕೊಟ್ಟು, ಫ್ಲೆಕ್ಸ್ ಸುತ್ತಿಕೊಂಡು ಬಂದೆ.

ಬೀಳ್ಕೊಡುವ ದಿನ ನೀಲವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಆಯಿತು. ಭಾಷಣದಲ್ಲಿ ಅಧ್ಯಕ್ಷರು ಆಕೆಯನ್ನು ಎರಡು ಸಲ ಲೀಲವ್ವ ಎಂದರು. ಎಲ್ಲ ಮುಗಿದು ಜನ ಕರಗಿದ ಮೇಲೆ ನೀಲವ್ವ ಫ್ಲೆಕ್ಸಿನ ಮುಂದೆ ಒಬ್ಬರೇ ನಿಂತಿದ್ದರು. ಹತ್ತಿರ ಹೋದೆ.

"ಎಲ್ಲಾರೂ ಅದಾರ್ರಿ ಸರ. ಅಧ್ಯಕ್ಷರಂತೂ ಭಾಳ ಛಂದ ಬಿದ್ದಾರ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನಾ ಎಲ್ಲಿದ್ದೇನ್ರಿ?"

"ಇದೆಲ್ಲಾ ನೀವರೀ ನೀಲವ್ವ. ನೋಡ್ರಿ, ಇದು ತಲಿ, ಇದು ಸೆರಗು" ಎಂದು ಗೆರೆಯ ಗುಂಟ ಬೆರಳಾಡಿಸಿದೆ. ಬೆರಳು ಹೋದಲ್ಲೆಲ್ಲ ಯಾರದೋ ಮೀಸೆ, ಯಾರದೋ ಕನ್ನಡಕ. ಅವರು ನನ್ನ ಮರ್ಯಾದೆ ಉಳಿಸಲು ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಹೊರಗೆ, ಮನುಷ್ಯರ ಎದುರಿಗೆ ಸಿಡಿದುಬಿದ್ದೆ. "ಎಂಥಾ ಮಂದಿ ಅದಾರ್ರಿ ಇಲ್ಲಿ! ಹದಿನೆಂಟು ವರ್ಷದಾಗ ಒಬ್ಬರಿಗೆರ ನಿಮ್ಮದೊಂದು ಫೋಟೋ ತಗೀಬೇಕು ಅನಸಲಿಲ್ಲಲ್ಲ! ಊಟದ ಫೋಟೋ ಸಾವಿರಗಟ್ಟಲೆ ಹುಡುಕೇನಿ, ಒಂದ್ರಾಗೂ ನೀವಿಲ್ಲ!"

"ಸಿಟ್ಟಾಗಬ್ಯಾಡ್ರಿ ಸರ" ಎಂದು ನೀಲವ್ವ ನಕ್ಕರು. "ಅವನ್ನ ದಿನಾ ತಗದವ್ರು ನೀವ ಅಲ್ರೀ?"

ಹೌದು, ನಾನೇ. ಒಂಬತ್ತು ವರ್ಷದಿಂದ ನಾನೇ. ಕಂಪ್ಯೂಟರಿನಿಂದ ಅಡುಗೆಮನೆಗೆ ಇಪ್ಪತ್ತು ಹೆಜ್ಜೆ, ಹನ್ನೆರಡು ದಿನವೂ ಮೊಬೈಲು ಜೇಬಿನಲ್ಲೇ ಇತ್ತು, ಆಕೆ ಚಹಾ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಮೊಬೈಲು ತೆಗೆದು ಆಕೆಯ ಮುಖಕ್ಕೆ ಹಿಡಿದೆ. ಕ್ಯಾಮೆರಾ ಕಂಡದ್ದೇ ತಡ, ನೀಲವ್ವ ಒಲೆಯ ಮುಂದೆ ಫೋಟೋ ತೆಗೆಯುವಾಗ ದಿನವೂ ಮಾಡುವಂತೆ ಸೆರಗು ಸಾವರಿಸಿಕೊಂಡು, ಫ್ಲೆಕ್ಸಿಗೆ ಅಡ್ಡವಾಗದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.

"ಈಗ ಪೂರಾ ಕಾಣ್ತೈತೇನ್ರಿ, ಸರ?"