ಭಾವನ ಇಪ್ಪತ್ತಮೂರು ಬರಂಗಾಯ್

ಫಿಲಿಪೈನ್ಸಿನ ಒಂದು ಸಣ್ಣ ಪುರಸಭೆಗೆ ಅಧ್ಯಕ್ಷರಾಗುವ ಎಲ್ಲ ಯೋಗ್ಯತೆಯೂ ನಮ್ಮ ಭಾವನಿಗಿತ್ತು. ಅವರು ಆ ದೇಶದ ಪ್ರಜೆಯಲ್ಲ, ಆ ಊರನ್ನು ಕಣ್ಣಾರೆ ಕಂಡವರೂ ಅಲ್ಲ ಎಂಬ ಎರಡು ಸಣ್ಣ ಕೊರತೆಗಳನ್ನು ಬಿಟ್ಟರೆ!

ಭಾವ ರಾಣೆಬೆನ್ನೂರಿನವರು. ತೊಂಬತ್ತರ ದಶಕದ ಕೊನೆಯಲ್ಲಿ ದುಬೈನ ಅಲ್ ಕೂಜ್‌ನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ನಾನಾಗ ದುಬೈನದೇ ಕರಾಮ ಬಡಾವಣೆಯಲ್ಲಿ ಅಕ್ಕ-ಭಾವನ ಜೊತೆಗೇ ಇದ್ದೆ. ಗೋದಾಮಿನಲ್ಲಿ ಭಾವನ ಪಕ್ಕದ ಮೇಜಿನವನು ರೋಮೆಲ್ ಎಂಬ ಫಿಲಿಪಿನೋ. ಮೊದಲ ದಿನ ಡಬ್ಬಿ ಬಿಚ್ಚುವಾಗ ಭಾವ ಅವನ ಊರು ಯಾವುದೆಂದು ಕೇಳಿದರು. ಯಾರಾದರೂ ಕೇಳುತ್ತಾರೆ. ಆದರೆ ಭಾವ ಕೇಳುವುದನ್ನು ನಿಲ್ಲಿಸಲೇ ಇಲ್ಲ.

ಒಂದು ಸಂಜೆ ಬಂದವರೇ, "ಅವನ ಊರಾಗ ಇಪ್ಪತ್ತಮೂರು ಬರಂಗಾಯ್ ಅದಾವು" ಎಂದರು.

"ತಂದೀರೇನು? ಪಲ್ಯ ಮಾಡೂದೋ, ಸಾರಿಗೆ ಹಾಕೂದೋ?" ಅಕ್ಕ ಚಾಕು ತೆಗೆದಳು.

"ಕಾಯಿಪಲ್ಲೆ ಅಲ್ಲ! ನಮ್ಮ ಪಂಚಾಯ್ತಿ ಇದ್ದಂಗ. ಸಮುದ್ರದ ದಂಡಿಗೆ ಏಳು, ಉಳಿದವು ಗುಡ್ಡದಾಗ."

ಊಟಕ್ಕೆ ಬಂದ ಮೈಸೂರಿನ ಇಂಜಿನಿಯರೊಬ್ಬರ ಮುಂದೆ ಇಪ್ಪತ್ತಮೂರನ್ನೂ ಜನಸಂಖ್ಯೆ ಸಮೇತ ಒಪ್ಪಿಸಿದರು. "ನಿಮ್ಮ ತಾಲ್ಲೂಕಲ್ಲಿ ಎಷ್ಟು ಹಳ್ಳಿ ಸಾರ್?" ಎಂದರು ಅತಿಥಿ.

"ಅದನ್ನ ನೋಡಿ ಹೇಳ್ಬೇಕ್ರೀ."

ಆಮೇಲೆ ಬರಂಗಾಯ್ ಚುನಾವಣೆ ಬಂತು. ಅಲ್ಲಿ ಮುಖ್ಯಸ್ಥನಿಗೆ ಕ್ಯಾಪ್ಟನ್ ಎನ್ನುತ್ತಾರೆ. ರೋಮೆಲ್‌ನ ಸೋದರಮಾವನೇ ನಿಂತಿದ್ದ. ಭಾವ ವಿರೋಧಿಸಿದರು! ಮೇಲಿನ ಓಣಿಗೆ ನಳ ಹಾಕಿಸುತ್ತೇನೆಂದು ಆತ ಹಿಂದೆ ಮಾತು ಕೊಟ್ಟು ಮರೆತಿದ್ದನಂತೆ. ಅವನೇ ಗೆದ್ದ. ಭಾವ ಅವತ್ತು ಊಟ ಬಿಟ್ಟರು.

"ಊರಾಗ ನಿಮ್ಮ ಅಣ್ಣ ಸೋತಾಗ ಎರಡು ಹೋಳಿಗಿ ಜಾಸ್ತಿ ತಿಂದಿದ್ರಿ" ಎಂದಳು ಅಕ್ಕ.

ಮರುವರ್ಷ ರೋಮೆಲ್‌ನ ತಾಯಿ ತೀರಿಕೊಂಡರು. ವೀಸಾ ನವೀಕರಣಕ್ಕೆ ಹೋದ ಪಾಸ್‌ಪೋರ್ಟ್ ವಾಪಸಾಗಿರಲಿಲ್ಲ, ಅವನು ಹೋಗುವಂತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಅಲ್ಲಿ ಮಣ್ಣು. ಇಲ್ಲಿ ಬೆಳಗಿನ ಹತ್ತು. ಭಾವ ನನ್ನನ್ನೂ ಕರೆದುಕೊಂಡು ಅಲ್ ಕೂಜ್‌ನ ಅವನ ರೂಮಿಗೆ ಹೋದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಮಂಚದ ಮೇಲೆ ಅವನ ಪಕ್ಕ ಕೂತು, ಗಡಿಯಾರ ನೋಡಿಕೊಂಡರು.

"ಈಗ ಮನೆಯಿಂದ ಹೊರಟಿರುತ್ತಾರೆ" ಎಂದರು, ತಮ್ಮ ಹರಕು ಇಂಗ್ಲಿಷಿನಲ್ಲಿ.

ರೋಮೆಲ್ ತಲೆಯಾಡಿಸಿದ.

"ಶಾಲೆ ಬಂತು. ಎಡಕ್ಕೆ ನಿನ್ನ ಚಿಕ್ಕಮ್ಮನ ಮನೆ. ಈಗ ಇಗರ್ಜಿ."

ಒಂದು ತಿರುವನ್ನೂ ಭಾವ ತಪ್ಪಿಸಲಿಲ್ಲ. ನೋಡದ ಊರಿನಲ್ಲಿ, ನೋಡದ ತಾಯಿಯ ಹಿಂದೆ ಅವರು ನಡೆಯುತ್ತಿದ್ದರು. ಸ್ಮಶಾನದ ಗುಡ್ಡ ಬಂದಾಗ ಅವರ ಇಂಗ್ಲಿಷ್ ಮುಗಿದುಹೋಯಿತು.

"ಇನ್ನ ಏರು ಐತಿ" ಎಂದರು. "ಮೆಲ್ಲಕ ನಡೀಪಾ."

ರೋಮೆಲ್ ಅವರ ಕೈ ಹಿಡಿದುಕೊಂಡ.