ಎರಡು ವೋಟಿನ ಕ್ಷೇತ್ರ

ಗಂಡ: ಸಹಿ ಹಾಕು ಅಂದ್ರೆ ಹಾಕು. ನಾನೇನು ನಿನ್ನ ಆಸ್ತಿ ಬರೆಸ್ಕೊಳ್ತಿದೀನಾ?

ಹೆಂಡತಿ: ಆಸ್ತಿ ಆಗಿದ್ರೆ ಕಣ್ಣು ಮುಚ್ಚಿ ಹಾಕ್ತಿದ್ದೆ. ಇದು ಮೇಲ್ಮನೆ ವಿಷಯ. ಹಾಕಲ್ಲ.

ಗಂಡ: ನಿನ್ನ ಬಿಟ್ರೆ ನನ್ನ ಹೆಸರು ಸೂಚಿಸೋಕೆ ಈ ಕ್ಷೇತ್ರದಲ್ಲಿ ಇನ್ಯಾರಿದಾರೆ ಹೇಳು ನೋಡೋಣ!

ಅದಂತೂ ನಿಜ. ಆ ದೇಶದ ಸಂಸತ್ತಿನ ಮೇಲ್ಮನೆಯಲ್ಲಿ ಅಜ್ಜಂದಿರ ಕಾಲದಿಂದಲೂ ಒಂದೊಂದು ಕೈಕಸುಬಿಗೆ ಒಂದೊಂದು ಕುರ್ಚಿ. ಬೀಗದ ಕೆಲಸದವರಿಗೂ ಒಂದು. ಅದಕ್ಕೆ ವೋಟು ಹಾಕುವ ಹಕ್ಕು ಅರ ಹಿಡಿದು ಕೈಯಾರೆ ಕೀಲಿಕೈ ಉಜ್ಜುವವರಿಗೆ ಮಾತ್ರ. ಉಳಿದವರೆಲ್ಲ ಒಬ್ಬರಾದ ಮೇಲೊಬ್ಬರು ಕೀಲಿಕೈ ಕೊರೆಯುವ ಮೆಷೀನು ತಂದು ಹಕ್ಕು ಕಳೆದುಕೊಂಡರು. ಈ ಗಂಡ ಹೆಂಡತಿ ಮಾತ್ರ ತರಲಿಲ್ಲ. ಹಳೆಯದರ ಮೇಲಿನ ಪ್ರೀತಿಯಿಂದಲ್ಲ. ಯಾವ ಮೆಷೀನು ತರಬೇಕು ಎಂಬ ಜಗಳ ಇನ್ನೂ ಮುಗಿದಿರಲಿಲ್ಲ. ಹೀಗಾಗಿ ಆ ಕ್ಷೇತ್ರದಲ್ಲಿ ಉಳಿದ ಮತದಾರರು ಇವರಿಬ್ಬರೇ.

ಹಿಂದಿನ ಸದಸ್ಯರು ಸದನದಲ್ಲಿ ಕೂತಲ್ಲೇ ತೀರಿಕೊಂಡಿದ್ದರು. ಊಟದ ಗಂಟೆ ಹೊಡೆದರೂ ಏಳದಿದ್ದಾಗಲೇ ಅದು ಗೊತ್ತಾಗಿದ್ದು. ಅದೇ ಹೊತ್ತಿಗೆ ಒಂದು ಮಸೂದೆ ಬಂದಿತ್ತು: ಇಂಥ ಕುರ್ಚಿಗಳನ್ನೆಲ್ಲ ತೆಗೆದು, ಮೇಲ್ಮನೆಗೂ ಜನರೇ ನೇರವಾಗಿ ವೋಟು ಹಾಕಿ ಆರಿಸಲಿ ಎಂದು. ಸದಸ್ಯರಲ್ಲಿ ಸರಿಯಾಗಿ ಅರ್ಧ ಆ ಕಡೆ, ಅರ್ಧ ಈ ಕಡೆ. ಬೀಗದವರ ಪ್ರತಿನಿಧಿ ಯಾವ ಕಡೆ ಕೈ ಎತ್ತುತ್ತಾರೋ ಆ ಕಡೆ ಗೆಲುವು.

ಹೆಂಡತಿ: ಮನೆ ತಾರಸಿ ಸೋರ್ತಿದೆ, ಹತ್ತಿ ನೋಡಿ ಅಂತ ಎಷ್ಟು ಸಲ ಹೇಳ್ದೆ? ಅದಕ್ಕೆ ಮಂಡಿ ನೋವು. ಮೇಲ್ಮನೆ ಹತ್ತೋಕೆ ಮಾತ್ರ ಕಾಲು ಸರಿಯಾಯ್ತಾ?

ಗಂಡ: ಅಲ್ಲಿ ಲಿಫ್ಟ್ ಇದೆ.

ಹೆಂಡತಿ: ಹೋಗಿ ಏನು ಮಾಡ್ತೀರಿ?

ಗಂಡ: ಆ ಹಾಳು ಮಸೂದೇನ ಸೋಲಿಸ್ತೀನಿ. ಬೀಗದವರ ಕುರ್ಚಿ ಉಳಿಸ್ತೀನಿ. ನಮ್ಮ ಕಸುಬಿಗೆ ಇರೋ ಒಂದು ಮರ್ಯಾದೆ ಅದು.

ಹೆಂಡತಿ: ಇಬ್ಬರು ಸೇರಿ ಇಡೀ ದೇಶಕ್ಕೆ ಕಾನೂನು ಮಾಡೋನನ್ನ ಕಳಿಸೋದು ಮರ್ಯಾದೇನಾ? ನಮ್ಮಿಬ್ಬರಿಗೆ ಫ್ಯಾನು ಎಷ್ಟರಲ್ಲಿ ಇಡ್ಬೇಕು ಅನ್ನೋದ್ರಲ್ಲೇ ಒಮ್ಮತ ಇಲ್ಲ.

ಗಂಡ: ಮೂರರಲ್ಲಿ ಇಡ್ಬೇಕು.

ಹೆಂಡತಿ: ಒಂದರಲ್ಲಿ! ನೋಡಿದ್ರಾ? ಬಸ್ ಓಡಿಸೋನಿಗೆ ಕುರ್ಚಿ ಇಲ್ಲ, ನರ್ಸಮ್ಮನಿಗೆ ಇಲ್ಲ, ಬೀದಿ ಗುಡಿಸೋರಿಗೆ ಇಲ್ಲ. ನಮಗೆ ಯಾವ ಕೊಂಬು ಅಂತ ಕೊಡ್ಬೇಕು? ಆ ಮಸೂದೆ ಗೆಲ್ಬೇಕು. ಗೆಲ್ಸೋಕೆ ನಾನೇ ನಿಲ್ತೀನಿ.

ಗಂಡ: ನೀನಾ? ನಿನ್ನ ಹೆಸರು ಸೂಚಿಸೋರು ಯಾರು?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಂಗಡಿ ಎಷ್ಟು ಕಿರಿದೆಂದರೆ ಒಂದೇ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಗೋಡೆಯ ತುಂಬ ತೂಗುಹಾಕಿದ್ದ ಕೀಲಿಕೈಗಳು ಫ್ಯಾನಿನ ಗಾಳಿಗೆ ಕಿಣಿಕಿಣಿ ಎನ್ನುತ್ತಿದ್ದವು.

ಹೆಂಡತಿ: ನೀವು ನನಗೆ ಸಹಿ ಹಾಕಿ, ನಾನು ನಿಮಗೆ ಹಾಕ್ತೀನಿ.

ಗಂಡ: ಮೊದಲು ನೀನು ಹಾಕು.

ಹೆಂಡತಿ: ಮೊದಲು ನೀವು.

ಕೊನೆಗೆ ಒಂದೇ ಸಲಕ್ಕೆ ಎರಡು ಪೆನ್ನು ಹಿಡಿದು, ಕಣ್ಣು ಕೀಳದೆ ಒಬ್ಬರನ್ನೊಬ್ಬರು ನೋಡುತ್ತ ಸಹಿ ಹಾಕಿದರು. ಮದುವೆಯ ದಿನವೂ ಅವರು ಹಾಗೆ ಪರಸ್ಪರ ನೋಡಿಕೊಂಡಿರಲಿಲ್ಲ.

ಅರ್ಜಿ ತೆಗೆದುಕೊಳ್ಳಲು ಚುನಾವಣಾಧಿಕಾರಿ ಅಂಗಡಿಗೇ ಬಂದರು. ಬಡಕಲು ಮನುಷ್ಯ. ಕಂಕುಳಲ್ಲಿ ದಪ್ಪನೆಯ ಕಾನೂನು ಪುಸ್ತಕ. ಕೂರಲು ಜಾಗವಿಲ್ಲದೆ ಬಾಗಿಲಿಗೆ ಒರಗಿ ನಿಂತರು.

ಅಧಿಕಾರಿ: ಪ್ರತಿಯೊಬ್ಬ ಅಭ್ಯರ್ಥಿಗೂ ಒಬ್ಬ ಏಜೆಂಟ್ ಇಟ್ಕೊಳ್ಳೋ ಹಕ್ಕಿದೆ.

ಗಂಡ: ಬೇಡ ಸಾರ್, ಹೋದ ವರ್ಷವೇ ವಿಮೆ ಮಾಡ್ಸಿದೀನಿ.

ಅಧಿಕಾರಿ: ಆ ಏಜೆಂಟ್ ಅಲ್ಲ ಯಜಮಾನ್ರೇ, ಚುನಾವಣೆ ಏಜೆಂಟ್. ಹೋಗ್ಲಿ ಬಿಡಿ. ಇನ್ನು ನಾಳೆಯಿಂದ ವೋಟಿನ ದಿನದವರೆಗೆ ಬಹಿರಂಗ ಪ್ರಚಾರ ಬಂದ್. ಅಭ್ಯರ್ಥಿಗಳು ಮತದಾರರ ಮನೆಗೆ ಹೋಗೋ ಹಾಗಿಲ್ಲ.

ಹೆಂಡತಿ: ಮನೆಗೆ ಹೋಗೋ ಹಾಗಿಲ್ವಾ? ಮತ್ತೆ ಮಲಗೋದೆಲ್ಲಿ?

ಅಧಿಕಾರಿ: ಅಯ್ಯೋ... ಸರಿ, ಹೋಗಿ. ಆದ್ರೆ ಪ್ರಭಾವ ಬೀರಬಾರದು.

ಹೆಂಡತಿ: ಮದುವೆಯಾದಾಗಿಂದ ಪ್ರಯತ್ನ ಮಾಡ್ತಿದೀನಿ ಸಾರ್, ಇವ್ರ ಮೇಲೆ ಯಾವ ಪ್ರಭಾವಾನೂ ಬಿದ್ದಿಲ್ಲ.

ಅಧಿಕಾರಿ: ಮತದಾರರಿಗೆ ಊಟ ತಿಂಡಿ ಕೊಡಬಾರದು. ಅದು ಆಮಿಷ ಆಗುತ್ತೆ.

ಗಂಡ: ಏನಂದ್ರಿ? ಹಾಗಾದ್ರೆ ನಾನು ಇಷ್ಟು ವರ್ಷ ದಿನಾ ಆಮಿಷ ತಿಂತಿದೀನಾ?

ಹೆಂಡತಿ: ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತ ಎಗರಾಡಿದ್ದೆಲ್ಲ ಆಮಿಷಕ್ಕೇನಾ? ಸಾರ್, ಇದನ್ನ ಬರ್ಕೊಳ್ಳಿ!

ಅಧಿಕಾರಿ ಪುಸ್ತಕ ತಿರುವಿದರು, ಕನ್ನಡಕ ಒರೆಸಿದರು, ಮತ್ತೆ ತಿರುವಿದರು. ಅಭ್ಯರ್ಥಿಯೂ ಮತದಾರನೂ ಒಂದೇ ಒಲೆಯ ಅಡುಗೆ ಉಣ್ಣುವವರಾದರೆ ಏನು ಮಾಡಬೇಕೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಅಧಿಕಾರಿ: ಒಂದು ಕೆಲಸ ಮಾಡಿ. ಅವರವರದು ಅವರವರೇ ಬೇಯಿಸ್ಕೊಳ್ಳಿ.

ಆ ದಿನಗಳಲ್ಲಿ ಗಂಡ ಬೇಯಿಸಿದ ಅನ್ನವನ್ನು ಅನ್ನವೆಂದು ಕರೆಯುವುದು ಕಷ್ಟವಿತ್ತು. ಹೆಂಡತಿಯ ಬಾಣಲೆಯ ಒಗ್ಗರಣೆ ವಾಸನೆಗೆ ಅವನ ಮೂಗು ಅರಳುವುದನ್ನು ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಒಂದು ತುತ್ತು ತಗೊಳ್ಳಿ ಎಂಬ ಮಾತು ನಾಲಿಗೆ ತುದಿಗೆ ಬರುತ್ತಿತ್ತು. ಬಾಯಿಗೆ ಕಾನೂನು ಬೀಗ ಜಡಿದಿತ್ತು.

ವೋಟಿನ ದಿನ ಅಂಗಡಿಯ ಮೂಲೆಗೆ ಒಂದು ಹಳೆ ಪರದೆ ಕಟ್ಟಿ ಮತಗಟ್ಟೆ ಮಾಡಿದರು.

ಅಧಿಕಾರಿ: ದಯವಿಟ್ಟು ಸಾಲಲ್ಲಿ ನಿಂತ್ಕೊಳ್ಳಿ.

ಗಂಡ: ಇಬ್ಬರೇ ಇದೀವಲ್ಲ ಸಾರ್.

ಅಧಿಕಾರಿ: ಇಬ್ಬರು ಹಿಂದೆ ಮುಂದೆ ನಿಂತ್ರೆ ಅದೂ ಸಾಲೇ. ಹೆಂಗಸರ ಸಾಲು ಬೇರೆ.

ಆಗ ಸಾಲಿಗೊಬ್ಬರಂತೆ ಎರಡು ಸಾಲಾಯಿತು. ಹೆಂಡತಿ ಮೊದಲು ಪರದೆಯ ಹಿಂದೆ ಹೋದಳು. ಅವಳು ಹೊರಗೆ ಬರುವುದು ತಡವಾಯಿತು. ಒಂದು ಮುದ್ರೆ ಒತ್ತಲು ಇಷ್ಟು ಹೊತ್ತೇ ಎಂದು ಗಂಡ ಕೆಮ್ಮಿದ. ಅವನು ಹೋದಾಗ ಇನ್ನೂ ತಡವಾಯಿತು. ಈಗ ಅವಳು ಕೆಮ್ಮಿದಳು.

ಪೆಟ್ಟಿಗೆ ತೆರೆದ ಅಧಿಕಾರಿ ಎರಡು ಚೀಟಿಗಳನ್ನು ಎರಡು ಸಲ ಎಣಿಸಿದರು.

ಅಧಿಕಾರಿ: ಯಜಮಾನ್ರಿಗೆ ಒಂದು. ಅಮ್ಮನೋರಿಗೆ ಒಂದು. ಸಮ ಸಮ.

ಹೆಂಡತಿ ಒಮ್ಮೆಲೇ ತಲೆ ಎತ್ತಿ ಗಂಡನನ್ನು ನೋಡಿದಳು. ಗಂಡ ಗೋಡೆಯ ಕೀಲಿಕೈಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಗಂಡ: ಮತ್ತೆ ಈಗ? ನಾಣ್ಯ ಎಸೆಯೋದಾ?

ಅಧಿಕಾರಿ: ಇಲ್ಲ. ಸಮ ಬಂದ್ರೆ ವಯಸ್ಸಲ್ಲಿ ಹಿರಿಯರಾದವರು ಗೆದ್ದ ಹಾಗೆ ಅಂತ ಕಾನೂನಲ್ಲಿದೆ.

ಗಂಡನ ಮುಖ ಅರಳಿತು. ಎದ್ದು ನಿಂತು ಅಂಗಿ ಸರಿಮಾಡಿಕೊಂಡ.

ಗಂಡ: ಅಷ್ಟೇನಾ? ಬರ್ಕೊಳ್ಳಿ ಸಾರ್. ನನಗೆ ಐವತ್ತೆಂಟು. ಇವಳು ನನಗಿಂತ ಮೂರು ವರ್ಷ ಚಿಕ್ಕೋಳು. ಮದುವೇಲಿ ಇವರಪ್ಪನೇ ಹೇಳಿದ್ದು.

ಅಧಿಕಾರಿ: ಅಮ್ಮಾ?

ಹೆಂಡತಿ ಅರವನ್ನು ಮೇಜಿನ ಮೇಲಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

ಹೆಂಡತಿ: ಐವತ್ತೊಂಬತ್ತು.

ಗಂಡ: ಐವತ್ತೈದು ಅನ್ನೋಕೆ ಹೋಗಿ ಬಾಯಿ ತಪ್ತು ಸಾರ್.

ಹೆಂಡತಿ: ತಪ್ಪಿಲ್ಲ. ನಾನು ನಿಮಗಿಂತ ದೊಡ್ಡೋಳು. ಅಪ್ಪ ಸುಳ್ಳು ಹೇಳಿದ್ರು.

ಗಂಡ ಕೂತ. ಕುರ್ಚಿ ಅಲ್ಲಿರಲಿಲ್ಲ, ಕೀಲಿಕೈ ಡಬ್ಬದ ಮೇಲೆ ಕೂತ.

ಅಧಿಕಾರಿ: ಹುಟ್ಟಿದಾಗ ಹತ್ತಿರ ಇದ್ದವರು ಒಬ್ಬರು ಹೇಳಿದ್ರೆ ಸಾಕು. ಅಂಥವರು ಯಾರಾದ್ರೂ ಇದಾರಾ?

ಹೆಂಡತಿ: ನಮ್ಮಮ್ಮ ಇದಾರೆ. ನಾನು ಹುಟ್ಟುವಾಗ ಅವರು ಅಲ್ಲೇ ಇದ್ರು.

ಫೋನು ಹಚ್ಚಿದರು. ಆ ಕಡೆಯಿಂದ ಅತ್ತೆಯ ಧ್ವನಿ ಅಂಗಡಿಯ ತುಂಬ ಮೊಳಗಿತು.

ಅತ್ತೆ: ಹೌದು ಅಳಿಯಂದ್ರೇ, ನಿಮಗಿಂತ ಎಂಟು ತಿಂಗಳು ಮುಂಚೇನೇ ಹುಟ್ಟಿದ್ಲು. ಹುಡುಗಿ ಒಳ್ಳೇದು, ತಿಂಗಳು ಯಾರು ನೋಡ್ತಾರೆ ಅಂತ ಬಿಟ್ವಿ.

ಗಂಡ: ಅತ್ತೇ, ಎಂಟು ತಿಂಗಳಿಗೆ ಮೂರು ವರ್ಷ ಕಳೆಯೋದಾ?

ಅತ್ತೆ: ಕಳೀತಾ ಇರೋವಾಗ ಸ್ವಲ್ಪ ಜಾಸ್ತೀನೇ ಕಳೆದ್ವಿ. ಏನೀಗ, ವಾಪಸ್ ಕಳಿಸ್ತೀರಾ?

ಫೋನು ಇಟ್ಟ ಮೇಲೆ ಗಂಡ ಹೆಂಡತಿಯ ಕಡೆ ತಿರುಗಿದ.

ಗಂಡ: ಇಷ್ಟು ವರ್ಷ ನನ್ನ ಕೈಲಿ ಹಿರಿಯರಿಗೆ ಎದುರುತ್ತರ ಕೊಡ್ಸಿದ್ಯಲ್ಲೇ ಪುಣ್ಯಾತ್ಗಿತ್ತಿ!

ಹೆಂಡತಿ: ಹಿರಿಯಳು ಅಂತ ಗೊತ್ತಾದ ಮೇಲೂ ಏಕವಚನಾನಾ?

ಗಂಡ: ತಪ್ಪಾಯ್ತು. ಕೊಡ್ಸಿದ್ರಲ್ಲಾ!

ಹೀಗೆ ಅವಳು ಮೇಲ್ಮನೆಗೆ ಹೋದಳು. ಮುಂದಿನ ವಾರ ಮಸೂದೆ ಒಂದೇ ಮತದಿಂದ ಗೆದ್ದಿತು. ಅದರ ಜೊತೆಗೇ ಬೀಗದವರ ಕುರ್ಚಿಯೂ ಅವಳ ಸದಸ್ಯತ್ವವೂ ಹೋದವು. ಕೈಚೀಲ ಹಿಡಿದು ವಾಪಸು ಬಂದಾಗ ಗಂಡ ಅಂಗಡಿಯಲ್ಲಿ ಕೀಲಿಕೈ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ.

ಗಂಡ: ಬನ್ನಿ, ಮಾಜಿ ಸದಸ್ಯರು ಬನ್ನಿ. ಕುರ್ಚಿ ಬಿಸಿ ಆಗೋ ಮುಂಚೇನೇ ಎದ್ದು ಬಂದ್ರಂತೆ?

ಹೆಂಡತಿ: ಬಂದೆ. ನಾನು ಕೈ ಎತ್ತಿದಾಗ ಪಕ್ಕದೋರು ನೋಡಿ, ಆಕಳಿಸೋಕೆ ಎತ್ತಿದೀನಿ ಅಂದ್ಕೊಂಡ್ರು. ಅಲ್ಲಿ ಅದೇ ರೂಢಿಯಂತೆ.

ಗಂಡ: ನಮ್ಮ ಕಸುಬಿನ ಮರ್ಯಾದೆ ಕಳೆದು ಬಂದ್ರಿ.

ಹೆಂಡತಿ: ಹೌದಾ? ಹಾಗಾದ್ರೆ ನನಗ್ಯಾಕೆ ವೋಟ್ ಹಾಕಿದ್ರಿ?

ಗಂಡ: ಯಾರು ಹಾಕಿದ್ದು? ನಾನು ನನಗೇ ಹಾಕ್ಕೊಂಡಿದ್ದು!

ಹೆಂಡತಿ: ನಾನು ಹಾಕಿದ್ದು ನಿಮಗೆ. ನೀವೂ ನಿಮಗೇ ಹಾಕ್ಕೊಂಡಿದ್ರೆ ನಿಮಗೆ ಎರಡು ಬೀಳ್ಬೇಕಿತ್ತು. ಇರೋದೇ ಇಬ್ಬರು. ನನಗೆ ಬಿದ್ದಿದ್ದು ಯಾರದು, ಆ ಅಧಿಕಾರೀದಾ?

ಅರದ ಸದ್ದು ನಿಂತಿತು. ಗಂಡನ ಕಿವಿ ಕೆಂಪಾಯಿತು.

ಹೆಂಡತಿ: ನನಗೂ ಒಂದು ವೋಟು ಅಂದ ತಕ್ಷಣ ಅದು ನಿಮ್ಮದೇ ಅಂತ ಗೊತ್ತಾಯ್ತು. ಅದಕ್ಕೇ ಧೈರ್ಯ ಬಂದು ವಯಸ್ಸು ಹೇಳ್ಬಿಟ್ಟೆ.

ಗಂಡ: ಅದಿರ್ಲಿ. ಮಸೂದೆ ಗೆಲ್ಬೇಕು ಅಂತ ಕುಣೀತಿದ್ದೋರು ನೀವ್ಯಾಕೆ ನನಗೆ ಹಾಕಿದ್ರಿ?

ಹೆಂಡತಿ: ವೋಟಿನ ದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ಮಾನ್ಯ ಸಭಾಪತಿಗಳೇ’ ಅಂತ ಹೇಳ್ತಾ ಹೇಳ್ತಾ ನಡುಗ್ತಿದ್ರಲ್ಲ, ನೋಡಿ ಪಾಪ ಅನ್ನಿಸ್ತು.

ಗಂಡ ಅರವನ್ನು ಮೇಜಿಗೆ ಕುಕ್ಕಿ ಎದ್ದು ನಿಂತ. ಹೊಸದಾಗಿ ಕಲಿತ ಬಹುವಚನವೆಲ್ಲ ಒಂದೇ ಏಟಿಗೆ ಮರೆತುಹೋಯಿತು.

ಗಂಡ: ಎರಡು ಮಾತು ಆಡೋಕೆ ಬರಲ್ಲ ಇವನಿಗೆ ಅಂತ ಕಣ್ಣಾರೆ ನೋಡಿ, ನನಗೇ ವೋಟ್ ಹಾಕಿದ್ಯಾ? ನಿನ್ನಂಥ ಮತದಾರರಿಂದಲೇ ಕಣೇ ದೇಶ ಹಾಳಾಗಿರೋದು!